ವಿದೇಶದಲ್ಲಿ ಓದುತ್ತಾ ಮರದ ಕುರ್ಚಿ ಮಾಡಲು ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರದೇಶದಲ್ಲಿ ಓದುತ್ತಿರುವವರು, ಹೊರಡಲು ಸಿದ್ಧರಾಗಿರುವವರು ಮಾತಿನ ನಡುವೆ, ಪತ್ರಗಳಲ್ಲಿ ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ಒಂದು ಹಟ ಅಲ್ಲಲ್ಲಿ ಇಣುಕುತ್ತದೆ: ಫೋಟೊದಲ್ಲಿ ಕಂಡ ಚಂದದ ಕುರ್ಚಿಯಿಂದ ಶುರು ಮಾಡಬೇಡಿ. ನಿಮಗೆ ಸಿಗುವ ವರ್ಕ್‌ಶಾಪ್ ಎಂಥದ್ದು, ಕೈಯಲ್ಲಿ ಇನ್ನೆಷ್ಟು ತಿಂಗಳಿದೆ ಎಂಬುದನ್ನು ನೋಡಿ ಕುರ್ಚಿಯನ್ನು ಆರಿಸಿಕೊಳ್ಳಿ.

## ಶುರು ಮಾಡುವ ಮುಂಚೆ

ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವನಲ್ಲ ನಾನು. ಸೀದಾ ಕುರ್ಚಿಗೇ ಕೈ ಹಾಕಬಹುದಾ?

ಸೀದಾ ಬೇಡ. ನಡುವೆ ಒಂದು ಸ್ಟೂಲು ಬರಲಿ.

ಮೇಜು, ಪೆಟ್ಟಿಗೆ, ಕಪಾಟು ಎಲ್ಲ ಮೂಲೆಮಟ್ಟಕ್ಕೆ ಒಗ್ಗುವ ಸಾಮಾನು. ಮೂಲೆ 90 ಡಿಗ್ರಿ ಬಂದರೆ ಅರ್ಧ ಕೆಲಸ ಆದಂತೆ. ಕುರ್ಚಿಯಲ್ಲಿ 90 ಡಿಗ್ರಿ ಸಿಗುವುದೇ ಅಪರೂಪ. ಸೀಟು ಮುಂದೆ ಅಗಲ, ಹಿಂದೆ ಕಿರಿದು. ಬೆನ್ನು ಹಿಂದಕ್ಕೆ ವಾಲಿರುತ್ತದೆ, ಕಾಲುಗಳು ಹೊರಕ್ಕೆ ಚಾಚಿರುತ್ತವೆ. ಸಾಲದ್ದಕ್ಕೆ ಅದರ ಮೇಲಿನ ಭಾರ ಒಂದೇ ಕಡೆ ನಿಲ್ಲುವುದಿಲ್ಲ. ಕೂತವರು ಒರಗುತ್ತಾರೆ, ಹೊರಳುತ್ತಾರೆ, ಮುಂದಿನ ಕಾಲೆತ್ತಿ ಹಿಂದಿನ ಎರಡೇ ಕಾಲಿನ ಮೇಲೆ ತೂಗುತ್ತಾರೆ.

ಮೂರು ಕಾಲಿನ ಸ್ಟೂಲು ಮಾಡಿದರೆ ಓರೆಯಾಗಿ ತೂತು ಕೊರೆಯುವುದು, ಕಾಲನ್ನು ಗುಂಡಗೆ ಕೆತ್ತುವುದು, ಬೆಣೆ ಹೊಡೆಯುವುದು ಇಷ್ಟೂ ಕೈಗೆ ಬರುತ್ತದೆ. ಮೂರೇ ಕಾಲಿದ್ದರೆ ನೆಲ ಎಷ್ಟೇ ಓರೆಕೋರೆ ಇದ್ದರೂ ಗಡಗಡ ಎನ್ನುವುದಿಲ್ಲ. ಹಾಗಾಗಿ ಮೊದಲ ಕೆಲಸಕ್ಕೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ.

ಎಂಜಿನಿಯರಿಂಗ್ ಓದೋಕೆ ಹೋಗ್ತಿರೋಳು ನಾನು. ಅಲ್ಲಿ ಮರಗೆಲಸ ನನಗೆ ಯಾರು ಕಲಿಸ್ತಾರೆ?

ಮೊದಲು ನಿಮ್ಮ ವಿಶ್ವವಿದ್ಯಾಲಯದಲ್ಲೇ ಹುಡುಕಿ. ಆರ್ಕಿಟೆಕ್ಚರ್, ಡಿಸೈನ್ ವಿಭಾಗಗಳಿಗೆ ಸಾಮಾನ್ಯವಾಗಿ ಮರದ ವರ್ಕ್‌ಶಾಪ್ ಇರುತ್ತದೆ. ಬೇರೆ ವಿಭಾಗದವರನ್ನು ಬಿಡುತ್ತಾರೋ ಇಲ್ಲವೋ ಎಂಬುದು ಅಲ್ಲಲ್ಲಿಯ ನಿಯಮ. ಕೇಳಬೇಕಾದ್ದು ವಿಭಾಗದ ಮುಖ್ಯಸ್ಥರನ್ನಲ್ಲ, ವರ್ಕ್‌ಶಾಪಿನ ಟೆಕ್ನಿಷಿಯನ್ನರನ್ನು. ಬೀಗದ ಕೈ ಅವರ ಹತ್ತಿರ ಇರುತ್ತದೆ. ಕೆಲವು ಕಡೆ ಓದಿಗೆ ಸಂಬಂಧವೇ ಇಲ್ಲದೆ ಹವ್ಯಾಸಕ್ಕೆಂದೇ ವರ್ಕ್‌ಶಾಪ್ ಇಟ್ಟಿರುತ್ತಾರೆ. ಅಮೆರಿಕದ ಎಂಐಟಿಯ ಹಾಬಿ ಶಾಪ್ 1930ರ ದಶಕದಿಂದ ನಡೆದುಬಂದಿದೆ.

ಕ್ಯಾಂಪಸ್ಸಿನ ಹೊರಗೆ ಸಂಜೆ ತರಗತಿಗಳೂ, ಸದಸ್ಯತ್ವ ಪಡೆದು ಬಳಸುವ ಸಮುದಾಯ ವರ್ಕ್‌ಶಾಪ್‌ಗಳೂ ಇರುತ್ತವೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡ್, ಕೆನಡಾಗಳಿಗೆ ಹಬ್ಬಿದ ‘ಮೆನ್ಸ್ ಶೆಡ್’ ಎಂಬ ಕೂಟಗಳಲ್ಲಿ ಹೆಚ್ಚಿನವರು ನಿವೃತ್ತರು. ಮಹಿಳೆಯರಿಗೂ ಬಾಗಿಲು ತೆರೆದಿರುವ ಶೆಡ್‌ಗಳು ಬೇಕಾದಷ್ಟಿವೆ, ಕೇಳಿ ನೋಡಿ. ಲೇಸರ್ ಕಟರ್ ಇರುವ ಹೊಳೆಯುವ ಮೇಕರ್‌ಸ್ಪೇಸಿಗಿಂತ, ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಅಜ್ಜನೊಬ್ಬ ಪಕ್ಕದ ಬೆಂಚಿನಲ್ಲಿರುವ ಶೆಡ್ಡೇ ಕುರ್ಚಿ ಕಲಿಯಲು ಮೇಲು ಎಂಬುದು ನನ್ನ ಅಭಿಪ್ರಾಯ.

ಓದಿನ ನಡುವೆ ಬಿಡುವು ಸಿಗುವವರಿಗೆ ಇನ್ನೊಂದು ದಾರಿಯೂ ಇದೆ. ಡೆನ್ಮಾರ್ಕಿನ ‘ಫೋಕ್ ಹೈಸ್ಕೂಲ್’ಗಳಲ್ಲಿ ಪರೀಕ್ಷೆ ಇಲ್ಲ, ಅಂಕ ಇಲ್ಲ. ಅಲ್ಲೇ ಉಳಿದು ಕೆಲವು ತಿಂಗಳು ಕಲಿಯುವುದು. ಇಂಥ ಮೊದಲ ಶಾಲೆ 1844ರಲ್ಲಿ ರೋಡಿಂಗ್‌ನಲ್ಲಿ ಶುರುವಾಯಿತು. ಕರಕುಶಲವನ್ನೇ ಮುಖ್ಯವಾಗಿಟ್ಟುಕೊಂಡವೂ ಅವುಗಳಲ್ಲಿವೆ. ಸ್ವೀಡನ್ನಿನ ಓಲಂಡ್ ದ್ವೀಪದಲ್ಲಿ ಪೀಠೋಪಕರಣ ವಿನ್ಯಾಸಕ ಕಾರ್ಲ್ ಮಾಲ್ಮ್‌ಸ್ಟೆನ್ ಕಟ್ಟಿದ ಕಪೆಲ್ಲಾಗೋರ್ಡನ್ ಶಾಲೆಯಲ್ಲಿ ಮರಗೆಲಸವನ್ನು ಇನ್ನೂ ಗಂಭೀರವಾಗಿ ಕಲಿಸುತ್ತಾರೆ.

ಅಸೈನ್‌ಮೆಂಟು, ಪರೀಕ್ಷೆ ಮಧ್ಯೆ ಇದಕ್ಕೆಲ್ಲ ಎಲ್ಲಿ ಟೈಮು?

ಲೆಕ್ಕವನ್ನು ಕೊನೆಯಿಂದ ಹಾಕಿ. ನೀವು ದೇಶ ಬಿಡುವ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಪರೀಕ್ಷೆಯ ವಾರಗಳು ಹೋದವು. ರಜೆಯಲ್ಲಿ ವರ್ಕ್‌ಶಾಪ್ ಮುಚ್ಚಿರುತ್ತದೆ, ಅವೂ ಹೋದವು. ಡಿಸೈನ್ ವಿಭಾಗದವರ ಪ್ರಾಜೆಕ್ಟ್ ಸಲ್ಲಿಕೆಯ ಹೊತ್ತಿಗೆ ಮೆಷಿನ್ನುಗಳ ಮುಂದೆ ಸಾಲು ನಿಂತಿರುತ್ತದೆ, ಆ ದಿನಗಳೂ ಇಲ್ಲ. ಉಳಿದದ್ದೇ ನಿಮ್ಮದು.

ವಾರಕ್ಕೊಂದು ಸಂಜೆ ಸಿಗುವವರು ಒಂದು ಸೆಮಿಸ್ಟರಿನಲ್ಲಿ ಸ್ಟೂಲು, ಮುಂದಿನ ಸೆಮಿಸ್ಟರಿನಲ್ಲಿ ಕುರ್ಚಿ ಎಂದಿಟ್ಟುಕೊಳ್ಳಲಿ. ಮೇಷ್ಟ್ರ ಜೊತೆ ಬೆಳಗಿಂದ ಸಂಜೆವರೆಗೆ ಕೂತು ವಾರದೊಳಗೆ ಒಂದು ಕುರ್ಚಿ ಮುಗಿಸುವ ಕೋರ್ಸುಗಳು ಬ್ರಿಟನ್, ಅಮೆರಿಕಗಳಲ್ಲಿ ಬಹಳ ಇವೆ. ರಜೆಯ ಒಂದು ವಾರವನ್ನು ಅದಕ್ಕೆ ಕೊಡುವುದೂ ಒಳ್ಳೆಯದೇ.

ಸಾಣೆ ಹಿಡಿಯುವುದು, ನಕ್ಷೆ ಬರೆಯುವುದು, ಸೀಟು ಹೆಣೆಯುವುದು ಹಾಸ್ಟೆಲ್ ಕೋಣೆಯಲ್ಲೇ ಆಗುತ್ತದೆ. ಗರಗಸ, ಸ್ಯಾಂಡ್‌ಪೇಪರ್ ಮಾತ್ರ ಅಲ್ಲಿ ಬೇಡ. ಧೂಳಿಗೆ ಹೊಗೆಯ ಅಲಾರಂ ಬಡಿದುಕೊಂಡು ಇಡೀ ಕಟ್ಟಡ ಬೀದಿಗೆ ಬಂದರೆ ನಿಮ್ಮ ಹೆಸರು ಬಹಳ ದಿನ ಉಳಿಯುತ್ತದೆ.

ಉಪಕರಣಗಳನ್ನ ಸ್ವಂತಕ್ಕೆ ಕೊಳ್ಳಬೇಕಾ? ವಿಮಾನದಲ್ಲಿ ತರೋಕೆ ಬಿಡ್ತಾರಾ?

ಮೆಷಿನ್ನು, ತುಂಡುಗಳನ್ನು ಒತ್ತಿ ಬಿಗಿಹಿಡಿಯುವ ಕ್ಲಾಂಪು, ಬೆಂಚು ವರ್ಕ್‌ಶಾಪಿನದು. ನಿಮ್ಮದೇ ಆಗಿರಬೇಕಾದವು ಕೆಲವೇ: 6 ಮತ್ತು 12 ಮಿಲಿಮೀಟರಿನ ಎರಡು ಉಳಿ, ಎಳೆದಾಗ ಕೊಯ್ಯುವ ಜಪಾನಿ ಗರಗಸ, ಒಂದು ಮೂಲೆಮಟ್ಟ, ಬೇಕಾದ ಕೋನಕ್ಕೆ ತಿರುಗಿಸಿ ಬಿಗಿ ಮಾಡುವ ಬೆವೆಲ್ ಗೇಜ್, ಗೆರೆ ಎಳೆಯುವ ಮಾರ್ಕಿಂಗ್ ಗೇಜ್, ಮತ್ತು ಒಂದು ಸ್ಪೋಕ್‌ಶೇವ್. ಎರಡು ಬದಿ ಹಿಡಿಯಿರುವ ಪುಟ್ಟ ತೋಪಡ ಅದು. ಕುರ್ಚಿಯ ದುಂಡು, ಬಾಗು ಎಲ್ಲ ಅದರಿಂದಲೇ ಬರುತ್ತದೆ. ಎಲ್ಲರೂ ಬಳಸುವ ಸಾರ್ವಜನಿಕ ಉಳಿಯ ಅಂಚು ಸಾಮಾನ್ಯವಾಗಿ ಹಲ್ಲುಹಲ್ಲಾಗಿರುತ್ತದೆ, ಅದಕ್ಕೇ ಉಳಿಯಾದರೂ ಸ್ವಂತದ್ದಿರಲಿ.

ಇವೆಲ್ಲ ಚೆಕ್-ಇನ್ ಬ್ಯಾಗಿಗೆ. ಬಾಯಿಗೆ ದಪ್ಪ ರಟ್ಟು ಸುತ್ತಿ ಟೇಪ್ ಹಾಕಿ, ಬ್ಯಾಗ್ ತೆರೆದು ನೋಡುವ ಸಿಬ್ಬಂದಿಯ ಕೈ ಕೊಯ್ಯಬಾರದು. ಕೈಚೀಲದಲ್ಲಿಟ್ಟ ಉಳಿ ಭದ್ರತಾ ತಪಾಸಣೆಯಲ್ಲೇ ಉಳಿಯುತ್ತದೆ.

ಉಳಿ ಹೊಸದೇ. ಆದ್ರೂ ಮರ ಕೊಯ್ಯೋ ಬದಲು ಜಜ್ಜುತ್ತೆ, ಯಾಕೆ?

ಅಂಗಡಿಯಿಂದ ಬಂದ ಉಳಿ ಹರಿತವಾಗಿರುವುದಿಲ್ಲ, ಹರಿತ ಮಾಡಲು ಸಿದ್ಧವಾಗಿರುತ್ತದೆ, ಅಷ್ಟೆ. ಇಲ್ಲಿ ಕಳೆದ ಹೊತ್ತು ಮುಂದೆ ಪ್ರತಿ ಜಾಯಿಂಟಿನಲ್ಲೂ ಉಳಿತಾಯವಾಗುತ್ತದೆ.

ಮೊದಲು ಉಳಿಯ ಚಪ್ಪಟೆ ಬೆನ್ನನ್ನು, ಅಂಚಿನ ಹತ್ತಿರದ ಎರಡು ಮೂರು ಸೆಂಟಿಮೀಟರನ್ನಾದರೂ, ಸಾಣೆಕಲ್ಲಿನ ಮೇಲೆ ಒತ್ತಿ ಉಜ್ಜಿ. ತಯಾರಿಕೆಯ ಗೀರುಗಳು ಹೋಗಿ ಒಂದೇ ಸಮನೆ ಹೊಳೆಯಬೇಕು. ಆಮೇಲೆ ಇಳಿಜಾರು ಬದಿ. ಕಾರ್ಖಾನೆ 25 ಡಿಗ್ರಿಗೆ ಅರೆದು ಕೊಟ್ಟಿರುತ್ತದೆ, ನೀವು ತುದಿಯನ್ನಷ್ಟೇ 30 ಡಿಗ್ರಿಗೆ ಎತ್ತಿ ಹಿಡಿದು 1000 ಗ್ರಿಟ್ಟಿನ ಕಲ್ಲಿನಲ್ಲಿ ತಿಕ್ಕಿ (ಗ್ರಿಟ್ ನಂಬರು ಹೆಚ್ಚಿದಷ್ಟೂ ಕಲ್ಲು ನುಣುಪು). ಎಲ್ಲಿಯವರೆಗೆ? ಬೆನ್ನಿನ ಕಡೆ ಬೆರಳನ್ನು ಅಂಚಿನಿಂದ ಹೊರಕ್ಕೆ ಸವರಿದಾಗ, ಉದ್ದಕ್ಕೂ ಸಣ್ಣ ತಂತಿಯಂಥ ತರಕಲು ತಗಲುವವರೆಗೆ. ಅದು ಒಂದು ಮೂಲೆಯಲ್ಲಿ ಇಲ್ಲವೆಂದರೆ ಆ ಮೂಲೆ ಇನ್ನೂ ಮೊಂಡು. ಬಂದಮೇಲೆ 6000 ಅಥವಾ 8000 ಗ್ರಿಟ್ಟಿನ ಕಲ್ಲಿನಲ್ಲಿ ಎರಡೂ ಬದಿ ಹಗುರವಾಗಿ ಆಡಿಸಿ ಆ ತರಕಲನ್ನು ತೆಗೆಯಿರಿ.

ಪರೀಕ್ಷೆಗೆ ಕೈಮೇಲಿನ ಕೂದಲು ಬೋಳಿಸುವವರಿದ್ದಾರೆ. ನನಗೆ ಪೈನ್ ತುಂಡಿನ ಅಡ್ಡಕೊಯ್ತದ ತುದಿಯೇ ನಂಬಿಕೆಯ ಪರೀಕ್ಷೆ. ಮೆತ್ತನೆಯ ಆ ತುದಿಯನ್ನು ಪುಡಿ ಮಾಡದೆ, ಹೊಳೆಯುವ ಮೈ ಬಿಟ್ಟು ತೆಳು ಹೆರೆ ತೆಗೆದರೆ ಉಳಿ ಸಿದ್ಧ.

## ವರ್ಕ್‌ಶಾಪಿನಲ್ಲಿ

ಆ ದೊಡ್ಡ ಗರಗಸದ ಮೆಷಿನ್ ಕಂಡ್ರೆ ಎದೆ ಡವಡವ ಅನ್ನುತ್ತೆ. ಅದಿಲ್ಲದೆ ಆಗಲ್ವಾ?

ಆಗುತ್ತದೆ. ಕೋಲುಗಳನ್ನು ಸೀಟಿಗೆ ನೆಡುವ ಬಗೆಯ ಕುರ್ಚಿಯನ್ನು ಟೇಬಲ್ ಸಾ, ಅಂದರೆ ಮೇಜಿನ ನಡುವಿಂದ ತಿರುಗುವ ಬ್ಲೇಡ್ ಮೇಲೆದ್ದಿರುವ ಆ ಗರಗಸ, ಮುಟ್ಟದೆಯೇ ಮುಗಿಸಬಹುದು. ಬಳಸಲೇಬೇಕಾದರೆ ತರಬೇತಿ ಮುಗಿಯುವ ತನಕ ಹತ್ತಿರ ಹೋಗಬೇಡಿ, ಹೆಚ್ಚಿನ ಕಡೆ ಬಿಡುವುದೂ ಇಲ್ಲ.

ಟೇಬಲ್ ಸಾದ ಅನೇಕ ಗಾಯಗಳಿಗೆ ಮೂಲ ‘ಕಿಕ್‌ಬ್ಯಾಕ್’. ಕೊಯ್ದ ಮರ ತಿರುಚಿಕೊಂಡು ಬ್ಲೇಡಿನ ಹಿಂಬದಿಗೆ ತಾಗಿದರೆ ಅದು ನಿಮ್ಮ ಕಡೆಗೇ ಹಾರಿ ಬರುತ್ತದೆ. ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಎಂಬ ತಗಡು ಇದನ್ನು ತಡೆಯಲೆಂದೇ ಇರುವುದು, ಅದನ್ನು ಬಿಚ್ಚಬೇಡಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಕೈಗವಸು ಹಾಕಬೇಡಿ, ಅದು ಬ್ಲೇಡಿಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ದುಪಟ್ಟಾ, ಉದ್ದ ಜಡೆ, ಇಯರ್‌ಫೋನಿನ ತಂತಿ ಯಾವುದೂ ನೇತಾಡಬಾರದು.

ಚರ್ಮ ತಾಗಿದ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಲೇಡ್ ನಿಲ್ಲಿಸುವ ಸಾಸ್ಟಾಪ್ ಮೆಷಿನ್ನುಗಳು ಈಗ ಅನೇಕ ಕ್ಯಾಂಪಸ್ಸುಗಳಲ್ಲಿವೆ. ಚರ್ಮದ ವಿದ್ಯುತ್ ವಾಹಕ ಗುಣವನ್ನು ಗುರುತಿಸಿ ಅದು ಕೆಲಸ ಮಾಡುತ್ತದೆ. ಹಾಗಾಗಿ ತುಂಬ ಒದ್ದೆ ಮರ ಕೊಟ್ಟರೂ ಬ್ರೇಕ್ ಬೀಳಬಹುದು, ಬ್ರೇಕಿನ ಜೊತೆ ಬ್ಲೇಡೂ ಹಾಳಾಗುತ್ತದೆ. ಹಸಿ ಮರವಾದರೆ ಟೆಕ್ನಿಷಿಯನ್ನರಿಗೆ ಮೊದಲೇ ಹೇಳಿ.

ಮರದ ಪುಡಿಗೂ ಮಾಸ್ಕ್ ಹಾಕಬೇಕಾ?

ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ, ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಕುರ್ಚಿಗೆ ಹೆಚ್ಚು ಬಳಸುವ ಓಕ್, ಬೀಚ್ ಧೂಳಿಗೂ ಮೂಗಿನ ಕ್ಯಾನ್ಸರಿಗೂ ಇರುವ ನಂಟು ವಿಶೇಷವಾಗಿ ದಾಖಲಾಗಿದೆ. ಆ ಅಪಾಯ ವರ್ಷಗಟ್ಟಲೆ ಧೂಳು ಕುಡಿದವರಿಗೆ ನಿಜ, ಆದರೆ ಒಂದೇ ಸಂಜೆಯ ಸ್ಯಾಂಡಿಂಗಿಗೂ ಕೆಮ್ಮು ಬರುತ್ತದೆ. ಹೆರೆ ತೆಗೆಯುವ ತೋಪಡ, ಸ್ಪೋಕ್‌ಶೇವ್‌ಗಳಿಂದ ಧೂಳು ಏಳುವುದಿಲ್ಲ, ಕೈ ಉಪಕರಣಗಳ ಪರವಾಗಿ ಇದೂ ಒಂದು ಮಾತು.

ಅಮೆರಿಕದಲ್ಲಿ ಇಂಚು, ಕ್ವಾರ್ಟರ್ ಅಂತ ಏನೇನೋ ಹೇಳ್ತಾರೆ. ತಲೆ ಕೆಡುತ್ತೆ.

ಎರಡು ಬಲೆಗಳಿವೆ. ‘ಟೂ ಬೈ ಫೋರ್’ ಎಂದು ಕೊಳ್ಳುವ ಪಟ್ಟಿ ನಿಜಕ್ಕೂ 2 ಇಂಚು, 4 ಇಂಚು ಇರುವುದಿಲ್ಲ, ಒಣಗಿಸಿ ನುಣುಪು ಮಾಡಿದ ಮೇಲೆ ಅದು ಒಂದೂವರೆ, ಮೂರೂವರೆ ಇಂಚು. ಗಟ್ಟಿ ಮರದ ದಪ್ಪವನ್ನು ಕಾಲು ಇಂಚಿನ ಲೆಕ್ಕದಲ್ಲಿ ಹೇಳುತ್ತಾರೆ: ‘ಎಯ್ಟ್ ಕ್ವಾರ್ಟರ್’ ಅಂದರೆ 2 ಇಂಚು, ಅದೂ ಒರಟು ಹಲಗೆಗೆ. ತೋಪಡ ಹಾಕಿದ ಮೇಲೆ ಕಾಲು ಇಂಚಿನಷ್ಟು ಕಡಿಮೆಯಾಗುತ್ತದೆ. ಬೆಲೆ ಕಟ್ಟುವ ‘ಬೋರ್ಡ್ ಫುಟ್’ ಅಂದರೆ ಅಡಿ ಉದ್ದ, ಅಡಿ ಅಗಲ, ಇಂಚು ದಪ್ಪ. ನಕ್ಷೆಯನ್ನು ಒಂದೇ ಮಾನದಲ್ಲಿ ಬರೆದುಕೊಳ್ಳಿ. ಮಿಲಿಮೀಟರೂ ಇಂಚೂ ಬೆರೆತ ನಕ್ಷೆಯಿಂದ ಸರಿಯಾದ ಕುರ್ಚಿ ಬರುವುದಿಲ್ಲ.

## ಮರ ಮತ್ತು ವಿನ್ಯಾಸ

ಯಾವ ಮರ ತಗೊಳ್ಳಲಿ? ಪೈನ್ ಅಗ್ಗಕ್ಕೆ ಸಿಗುತ್ತೆ.

ಪೈನ್ ಅಭ್ಯಾಸಕ್ಕೆ ಮತ್ತು ಸೀಟಿನ ಹಲಗೆಗೆ ಸರಿ. ಕಾಲಿಗೆ, ಬೆನ್ನಿನ ಕೋಲಿಗೆ ಗಟ್ಟಿ ಮರ ಬೇಕು: ಆ್ಯಶ್, ಬೀಚ್, ಓಕ್, ಮೇಪಲ್. ಹೊಸಬರಿಗೆ ನನ್ನ ಮೊದಲ ಆಯ್ಕೆ ಆ್ಯಶ್. ನಾರು ನೇರ, ಬಾಗಿದರೂ ಬೇಗ ಮುರಿಯುವುದಿಲ್ಲ.

ಜಾತಿಗಿಂತ ಮುಖ್ಯ ನಾರಿನ ದಿಕ್ಕು. ಮರವೆಂದರೆ ಹಿಡಿ ಪೊರಕೆಯ ಹಾಗೆ ಉದ್ದುದ್ದ ಕಡ್ಡಿಗಳ ಕಟ್ಟು. ಕಡ್ಡಿಗಳು ಕಾಲಿನ ಈ ತುದಿಯಿಂದ ಆ ತುದಿಯವರೆಗೆ ಓಡಿದ್ದರೆ ತೆಳ್ಳನೆಯ ಕಾಲೂ ಭಾರ ಹೊರುತ್ತದೆ. ನಾರು ಓರೆಯಾಗಿ ಪಕ್ಕದಿಂದ ಹೊರಬಿದ್ದಿದ್ದರೆ ದಪ್ಪನೆಯ ಕಾಲೂ ಅದೇ ಗೆರೆಯಲ್ಲಿ ಸೀಳುತ್ತದೆ. ಹಲಗೆ ಆರಿಸುವಾಗ ಮೇಲ್ಮೈ ಒಂದನ್ನೇ ನೋಡದೆ ಪಕ್ಕದ ಅಂಚನ್ನೂ ನೋಡಿ, ಎರಡರಲ್ಲೂ ಗೆರೆ ನೇರ ಇರಬೇಕು. ಬಾಗಿದ ಹಿಂಗಾಲನ್ನು ಹಲಗೆಯಿಂದಲೇ ಕೊಯ್ಯುವುದಾದರೆ, ಗೆರೆಗಳು ತಾವೇ ಅದೇ ಕಡೆ ಬಾಗಿರುವ ಜಾಗ ಹುಡುಕಿ ಅಚ್ಚನ್ನು ಅಲ್ಲಿಡಿ.

ಮರ ಒಣಗಿದೆ ಅಂದ್ರೆ ಒಣಗಿದೆ. ಶೇಕಡಾವಾರು ತೇವ ಅಂತೆಲ್ಲ ಯಾಕೆ?

ಮರ ಯಾವತ್ತೂ ಪೂರ್ತಿ ಒಣಗುವುದಿಲ್ಲ, ಸುತ್ತಲಿನ ಗಾಳಿಯ ಜೊತೆ ಸಮ ಆಗುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಹೀಟರ್ ಉರಿಯುವ ಕೋಣೆಯಲ್ಲಿ ಅದರ ತೇವ ಶೇ. 6ರಿಂದ 8ಕ್ಕೆ ಇಳಿಯಬಹುದು. ತೇವ ಹೆಚ್ಚಿರುವ ಹವೆಯಲ್ಲಿ ಅದೇ ತುಂಡು ಶೇ. 12 ದಾಟುತ್ತದೆ. ಹೀಗೆ ಏರಿಳಿಯುವಾಗ ಉದ್ದದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಅಗಲದಲ್ಲಿ ಮಾತ್ರ ಹಿಗ್ಗಿ ಕುಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರಗಳ ಜೊತೆಜೊತೆಗೆ ಆಗುವ ಕುಗ್ಗುವಿಕೆ, ಉಂಗುರಗಳನ್ನು ದಾಟುವ ದಿಕ್ಕಿನದಕ್ಕಿಂತ ಸುಮಾರು ಎರಡು ಪಟ್ಟು. ಗುಂಡಗೆ ಕೆತ್ತಿದ ಹಸಿ ಕೋಲು ಒಣಗಿದಾಗ ಮೊಟ್ಟೆಯಾಕಾರ ತಾಳುವುದು ಇದಕ್ಕೇ.

ಹಳೆಯ ಕುರ್ಚಿಗಾರರು ಇದನ್ನು ಉಪಾಯವಾಗಿಯೇ ಬಳಸಿದರು. ಅಡ್ಡಕೋಲನ್ನು ಬಿಸಿಯಲ್ಲಿಟ್ಟು ಚೆನ್ನಾಗಿ ಒಣಗಿಸಿ, ಸ್ವಲ್ಪ ತೇವ ಉಳಿದಿರುವ ಕಾಲಿನ ತೂತಿಗೆ ಹೊಡೆದು ಕೂರಿಸುವುದು. ಆಮೇಲೆ ಕಾಲು ಒಣಗುತ್ತಾ ಕುಗ್ಗುತ್ತದೆ, ಕೋಲು ತೇವ ಹೀರಿ ಹಿಗ್ಗುತ್ತದೆ, ಜಾಯಿಂಟು ತಾನಾಗಿ ಬಿಗಿಯುತ್ತದೆ.

ವೆಗ್ನರ್ ಅವರ ವಿಶ್‌ಬೋನ್ ಕುರ್ಚಿ ಮಾಡಬೇಕು ಅಂತ ಆಸೆ. ಮೊದಲನೇದೇ ಅದಾದರೆ?

ಬೇಡ. ಡೆನ್ಮಾರ್ಕಿನ ಹ್ಯಾನ್ಸ್ ವೆಗ್ನರ್ 1949ರಲ್ಲಿ ವಿನ್ಯಾಸ ಮಾಡಿ, 1950ರಿಂದ ತಯಾರಾಗುತ್ತಿರುವ ಆ ಕುರ್ಚಿಗೆ ನೂರಕ್ಕೂ ಹೆಚ್ಚು ಹಂತಗಳಿವೆ. ಹಿಂಗಾಲು ಬಾಗಿದೆ, ಮೇಲಿನ ಕಮಾನು ಹಬೆಯಲ್ಲಿ ಬಾಗಿಸಿದ್ದು. ಅಷ್ಟು ಸಲೀಸಾಗಿ ಕಾಣುವಂತೆ ಮಾಡಿದವರು ಹದಿನಾಲ್ಕನೇ ವಯಸ್ಸಿನಲ್ಲೇ ಬಡಗಿಯ ಬಳಿ ಕಲಿಯಲು ಸೇರಿದವರು, ಬದುಕಿನಲ್ಲಿ 500ಕ್ಕೂ ಹೆಚ್ಚು ಕುರ್ಚಿ ವಿನ್ಯಾಸ ಮಾಡಿದವರು.

ಮೊದಲ ಕುರ್ಚಿಗೆ ಎರಡು ದಾರಿ. ಒಂದು, ದಪ್ಪ ಹಲಗೆಯ ಸೀಟನ್ನು ನಡುವಿಗಿಟ್ಟು ಕೆಳಗಿನಿಂದ ಕಾಲು, ಮೇಲಿನಿಂದ ಬೆನ್ನಿನ ಕೋಲುಗಳನ್ನು ನೆಡುವ ಬಗೆ. ಇಂಗ್ಲೆಂಡಿನ ವಿಂಡ್ಸರ್ ಕುರ್ಚಿ, ವೇಲ್ಸಿನ ಕೋಲು ಕುರ್ಚಿ ಈ ಜಾತಿ. ಹೈ ವಿಕಮ್ ಪಟ್ಟಣದ ಸುತ್ತಲಿನ ಬೀಚ್ ಕಾಡುಗಳಲ್ಲಿ ಹಸಿ ಮರದಿಂದಲೇ ಕಾಲು ಕಡೆದುಕೊಡುವ ‘ಬಾಜರ್’ಗಳೆಂಬ ಕಸುಬಿನವರೇ ಇದ್ದರು. ಎರಡನೆಯದು, ಹಿಂಗಾಲೇ ಮೇಲೆ ಹೋಗಿ ಬೆನ್ನಾಗುವ ಚೌಕಟ್ಟಿನ ಕುರ್ಚಿ. ಉಳಿ, ಡ್ರಿಲ್ಲು, ಸ್ಪೋಕ್‌ಶೇವ್ ಮಾತ್ರ ಸಿಗುವವರು ಮೊದಲನೆಯದನ್ನು ಹಿಡಿಯಲಿ. ಒಳ್ಳೆಯ ಮೆಷಿನ್ನುಗಳಿರುವ ವರ್ಕ್‌ಶಾಪ್ ಇದ್ದರೆ ಎರಡನೆಯದೂ ಆಗುತ್ತದೆ.

ಬೇರೆಯವರ ಡಿಸೈನ್ ನಕಲು ಮಾಡಿದ್ರೆ ತಪ್ಪಾ?

ಹೆಸರಾಂತ ಕುರ್ಚಿಗಳ ಮೇಲೆ ಕಾಪಿರೈಟ್, ಟ್ರೇಡ್‌ಮಾರ್ಕ್ ಹಕ್ಕುಗಳಿರುತ್ತವೆ. ಬ್ರಿಟನ್ನಿನಲ್ಲಿ 2016ರ ಕಾನೂನು ಬದಲಾವಣೆಯ ನಂತರ, ಕಲಾಕೃತಿಯೆಂದು ಎಣಿಸಿಕೊಳ್ಳುವ ಪೀಠೋಪಕರಣಕ್ಕೆ ವಿನ್ಯಾಸಕರು ತೀರಿಕೊಂಡ 70 ವರ್ಷಗಳವರೆಗೂ ಕಾಪಿರೈಟ್ ಇದೆ. ವೆಗ್ನರ್ ತೀರಿಕೊಂಡದ್ದು 2007ರಲ್ಲಿ. ನೂರಾರು ವರ್ಷದ ಜನಪದ ಕುರ್ಚಿಗಳಿಗೆ ಈ ರಗಳೆ ಇಲ್ಲ, ಧಾರಾಳವಾಗಿ ಅಳೆದು ಮಾಡಿ.

ಅಳತೆಗಳನ್ನ ಒಂದೇ ಮಾತಲ್ಲಿ ಹೇಳಿ.

ಸೀಟಿನ ಎತ್ತರ ಮುಂದೆ 43ರಿಂದ 45 ಸೆಂಟಿಮೀಟರ್, ಹಿಂದೆ ಒಂದೆರಡು ಸೆಂಟಿಮೀಟರ್ ತಗ್ಗು. ಆಳ 40ರಿಂದ 43. ಅಗಲ ಮುಂದೆ 45ರ ಆಸುಪಾಸು, ಹಿಂದೆ 36ರಿಂದ 40. ಸೀಟಿಗೂ ಬೆನ್ನಿಗೂ ನಡುವೆ 100 ಡಿಗ್ರಿ ಚಿಲ್ಲರೆ. ಕೈ ಇದ್ದರೆ ಸೀಟಿನಿಂದ ಸುಮಾರು 20 ಸೆಂಟಿಮೀಟರ್ ಮೇಲೆ. ಇವು ಸರಾಸರಿ ಮೈಕಟ್ಟಿಗೆ. ಕೂರುವವರು ಗಿಡ್ಡಗಿದ್ದರೆ ಮೊದಲು ಎತ್ತರ, ಆಳ ಕಡಿಮೆ ಮಾಡಿ. ಆಳ ಜಾಸ್ತಿಯಾದರೆ ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತದೆ, ಬೆನ್ನು ಒರಗುವುದೇ ಇಲ್ಲ.

ಕಾಲುಗಳು ಓರೆಯಾಗಿವೆ, ಎರಡು ದಿಕ್ಕಿಗೆ ಓರೆ. ಡ್ರಿಲ್ ಯಾವ ಕೋನಕ್ಕೆ ಹಿಡೀಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಮುಂದಿನಿಂದ ನೋಡಿದಾಗ ಕಾಲು ಇಷ್ಟು ಡಿಗ್ರಿ ಹೊರಕ್ಕೆ, ಪಕ್ಕದಿಂದ ನೋಡಿದಾಗ ಇಷ್ಟು ಡಿಗ್ರಿ ಎಂದು ಎರಡು ಕೋನಗಳನ್ನು ಒಟ್ಟಿಗೆ ಹಿಡಿಯಲು ಹೋದರೆ ಕೈ ಸೋಲುತ್ತದೆ. ಎರಡನ್ನೂ ಸೇರಿಸಿ ಒಂದೇ ಕೋನ ಮಾಡಿಕೊಳ್ಳಿ.

ಸೀಟಿನ ಅಡಿಯಲ್ಲಿ ಕಾಲಿನ ತೂತಿನ ಕೇಂದ್ರ ಗುರುತಿಸಿ. ಕಾಲಿನ ತುದಿ ನೆಲಕ್ಕೆ ಎಲ್ಲಿ ಮುಟ್ಟಬೇಕೋ ಆ ಬಿಂದುವನ್ನು, ನೇರ ಮೇಲಿನಿಂದ ನೋಡಿದಂತೆ, ಅದೇ ನಕ್ಷೆಯ ಮೇಲೆ ಗುರುತಿಸಿ. ಎರಡನ್ನೂ ಸೇರಿಸುವ ಗೆರೆಯೇ ‘ಸೈಟ್‌ಲೈನ್’. ಆ ಗೆರೆಯ ಉದ್ದಕ್ಕೆ ನಿಂತು ನೋಡಿದರೆ ಕಾಲು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಿಮ್ಮ ಎದುರಿಗೇ ವಾಲಿರುತ್ತದೆ. ಆ ವಾಲುವಿಕೆಯ ಕೋನವನ್ನು ಬೆವೆಲ್ ಗೇಜಿಗೆ ತುಂಬಿ, ಗೇಜನ್ನು ಗೆರೆಯ ಮೇಲೆ ನಿಲ್ಲಿಸಿ, ಡ್ರಿಲ್ಲಿನ ಬಿಟ್ಟನ್ನು ಅದಕ್ಕೆ ಸಮನಾಗಿ ಇಳಿಸಿ. ಲೆಕ್ಕಕ್ಕೆ: ಕೇಂದ್ರದಿಂದ ನೆಲದ ಬಿಂದುವಿಗಿರುವ ಅಡ್ಡ ದೂರವನ್ನು ಎತ್ತರದಿಂದ ಭಾಗಿಸಿದರೆ ಆ ಕೋನದ ಟ್ಯಾನ್ಜೆಂಟ್. ಎತ್ತರ 42 ಸೆಂಟಿಮೀಟರ್, ಅಡ್ಡ ದೂರ 10 ಸೆಂಟಿಮೀಟರ್ ಇದ್ದರೆ ಲಂಬದಿಂದ 13 ಡಿಗ್ರಿಯ ಸುತ್ತಮುತ್ತ ಬರುತ್ತದೆ.

ನಕ್ಷೆ ಅಸಲಿ ಗಾತ್ರದಲ್ಲೇ ಇರಲಿ. ಕಂಪ್ಯೂಟರಿನ ಪರದೆಯಲ್ಲಿ ಚಂದ ಕಂಡ ಓರೆ, ದೊಡ್ಡ ಕಾಗದದ ಮೇಲೆ ಎಷ್ಟೋ ಸಲ ಕುಡುಕನ ನಿಲುವಿನಂತೆ ಕಾಣುತ್ತದೆ.

## ಕಟ್ಟುವಾಗ

ಸ್ಕ್ರೂ ಹಾಕಿ ಬಿಗಿ ಮಾಡಿದ್ರೆ ಸಾಕಲ್ವಾ? ಜಾಯಿಂಟ್ ಕೊರೆಯೋ ಗೋಳು ಯಾಕೆ?

ಸ್ಕ್ರೂ ಹಾಕಿದ ಪ್ರಸಿದ್ಧ ಕುರ್ಚಿಯೂ ಇದೆ. ಮೈಕೆಲ್ ಥೋನೆಟ್ ಅವರ 1859ರ 14ನೇ ನಂಬರಿನ ಕುರ್ಚಿ ಆರು ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್ಟುಗಳಲ್ಲಿ ಮುಗಿಯುತ್ತಿತ್ತು. ಬಿಚ್ಚಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಆದರೆ ಅದರ ಭಾಗಗಳು ಉದ್ದಕ್ಕೂ ಬಾಗಿಸಿದ ಕೋಲುಗಳು, ಕಾಲುಗಳನ್ನು ಸುತ್ತಿ ಹಿಡಿಯುವ ಬಳೆಯೂ ಇದೆ. ನೇರ ಪಟ್ಟಿಗಳ ಚೌಕಟ್ಟಿನಲ್ಲಿ ಎಲ್ಲ ಹೊಡೆತ ಬೀಳುವುದು ಪಕ್ಕದ ಪಟ್ಟಿ ಹಿಂಗಾಲಿಗೆ ಸೇರುವ ಜಾಗಕ್ಕೆ. ಪ್ರತಿ ಸಲ ಒರಗಿದಾಗಲೂ ಅಲ್ಲಿ ಸ್ಕ್ರೂ ನಾರನ್ನು ಸ್ವಲ್ಪ ಸ್ವಲ್ಪ ತಿನ್ನುತ್ತಾ ಸಡಿಲವಾಗುತ್ತದೆ.

ಆ ಜಾಗಕ್ಕೆ ಮಾರ್ಟೈಸ್-ಟೆನನ್ ಬೇಕು: ಕಾಲಿನಲ್ಲಿ ಚೌಕ ಕಂಡಿ, ಪಟ್ಟಿಯ ತುದಿಯಲ್ಲಿ ಅದಕ್ಕೆ ಕೂರುವ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಭಾಗ. ಉದ್ದ, ಅಗಲ ಕುರ್ಚಿಯ ಕಾಲಿನಲ್ಲಿ ಜಾಗ ಇರುವಷ್ಟು. ಸುತ್ತಿಗೆ ಬೇಡದೆ ಕೈಯಲ್ಲಿ ಒತ್ತಿದರೆ ಒಳಹೋಗಿ, ಎತ್ತಿ ಹಿಡಿದರೆ ಬೀಳದಿದ್ದರೆ ಅಳತೆ ಸರಿ. ಹೊರಗಿನ ಓರೆಯನ್ನು ಪಟ್ಟಿಯ ಭುಜಕ್ಕೆ, ಅಂದರೆ ನಾಲಿಗೆಯ ಬುಡದಲ್ಲಿ ಕಾಲಿಗೆ ಒತ್ತಿ ನಿಲ್ಲುವ ಅಂಚಿಗೆ ಕೊಡಿ, ಕಂಡಿಯನ್ನು ನೇರವೇ ಕೊರೆಯಿರಿ.

ಕೋಲು ಕುರ್ಚಿಯಲ್ಲಿ ಕಾಲಿನ ತುದಿ ಸೀಟಿನ ಮೇಲೆ ಬಂದು, ಸೀಳಿನಲ್ಲಿ ಬೆಣೆ ಹೊಡೆಸಿಕೊಳ್ಳುತ್ತದೆ. ಆ ಸೀಳು ಸೀಟಿನ ನಾರಿಗೆ ಅಡ್ಡವಾಗಿರಲಿ. ನಾರಿನ ಉದ್ದಕ್ಕಿಟ್ಟು ಬೆಣೆ ಬಡಿದರೆ ಸೀಟೇ ಎರಡು ಹೋಳು.

ಅಂಟು ಹಾಕೋ ದಿನ ಗಾಬರಿ ಆಗುತ್ತೆ, ಎಲ್ಲ ಒಟ್ಟಿಗೇ ಜಾರುತ್ತೆ.

ಒಟ್ಟಿಗೆ ಅಂಟಿಸಬೇಡಿ. ಮುಂದಿನ ಜೋಡಿ ಒಂದು ದಿನ, ಹಿಂದಿನ ಜೋಡಿ ಇನ್ನೊಂದು ದಿನ, ಪಕ್ಕದ ಪಟ್ಟಿಗಳು ಮೂರನೇ ದಿನ. ಹಳದಿ ಪಿವಿಎ ಅಂಟು ಹಚ್ಚಿದ ಮೇಲೆ ಸಿಗುವುದು ಐದರಿಂದ ಹತ್ತು ನಿಮಿಷ. ಅದಕ್ಕೆ ಮುಂಚೆ ಅಂಟಿಲ್ಲದೆ ಪೂರ್ತಿ ಜೋಡಿಸಿ, ಕ್ಲಾಂಪ್ ಬಿಗಿದು, ಬಿಚ್ಚಿ, ಕ್ಲಾಂಪುಗಳನ್ನು ಅಷ್ಟೇ ತೆರೆದಿಟ್ಟು ಆಮೇಲೆ ಅಂಟಿಗೆ ಕೈ ಹಾಕಿ. ಓರೆ ಬದಿಯ ಮೇಲೆ ಕ್ಲಾಂಪ್ ನಿಲ್ಲುವುದಿಲ್ಲ, ಅದೇ ಓರೆಗೆ ಕೊಯ್ದ ತುಂಡನ್ನು ನಡುವೆ ಇಡಬೇಕು. ಪಟ್ಟಿ ಕೊಯ್ದಾಗ ಉಳಿದ ಚೂರನ್ನು ಎಸೆಯದಿದ್ದರೆ ಅದೇ ಸಾಕು.

ಸೀಟು ಚೌಕ ಇಲ್ಲದ್ದರಿಂದ ಮೂಲೆಮಟ್ಟ ಉಪಯೋಗಕ್ಕೆ ಬಾರದು, ಆದರೂ ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕರ್ಣ ಒಂದೇ ಇರಬೇಕು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಬಳಿಯಬೇಡಿ. ಅರ್ಧ ಗಂಟೆ ಬಿಟ್ಟು ರಬ್ಬರಿನಂತಾದಾಗ ಉಳಿಯಿಂದ ಎಬ್ಬಿಸಿ.

ಎಲ್ಲ ಸರಿ ಮಾಡಿದೆ, ಆದ್ರೂ ಕುರ್ಚಿ ಗಡಗಡ ಅನ್ನುತ್ತೆ. ಉದ್ದ ಇರೋ ಕಾಲು ಕೊಯ್ದುಬಿಡಲಾ?

ಆ ಕೆಲಸ ಮಾತ್ರ ಮಾಡಬೇಡಿ, ಒಂದೊಂದೇ ಕಾಲು ಕೊಯ್ಯುತ್ತಾ ಹೋದರೆ ಕುರ್ಚಿ ಕಾಲ್ಮಣೆಯಾಗುತ್ತದೆ. ವರ್ಕ್‌ಶಾಪಿನಲ್ಲಿ ಎಲ್ಲಕ್ಕಿಂತ ಸಪಾಟಾದ ಜಾಗ ಟೇಬಲ್ ಸಾದ ಮೇಲ್ಮೈ. ಪ್ಲಗ್ ಕಿತ್ತು, ಬ್ಲೇಡ್ ಇಳಿಸಿ, ಕುರ್ಚಿಯನ್ನು ಅಲ್ಲಿ ನಿಲ್ಲಿಸಿ. ಕಾಲಿನಡಿ ತೆಳು ಬೆಣೆ ತೂರಿಸುತ್ತಾ, ಸೀಟು ಎಡ ಬಲಕ್ಕೆ ಸಮ, ಹಿಂದಕ್ಕೆ ಬೇಕಾದಷ್ಟು ತಗ್ಗು ಬರುವಂತೆ ಮಾಡಿ. ಈಗ ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ, ತುಂಡನ್ನು ಮೇಜಿಗೆ ಒತ್ತಿಕೊಂಡೇ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆಯಿರಿ. ನಾಲ್ಕನ್ನೂ ಆ ಗೆರೆಗೆ ಕೊಯ್ಯಿರಿ. ಕಾಲು ಓರೆ ಇರುವುದರಿಂದ ಗೆರೆಯೂ ಓರೆಯಾಗಿಯೇ ಕಾಣುತ್ತದೆ, ನೆಟ್ಟಗೆ ಮಾಡಲು ಹೋಗಬೇಡಿ. ಕೊನೆಗೆ ತುದಿಯ ಅಂಚನ್ನು ಸ್ವಲ್ಪ ಸವರಿಬಿಡಿ, ಎಳೆದಾಡಿದರೆ ಸೀಳು ಏಳುವುದಿಲ್ಲ.

ಹಬೆಯಲ್ಲಿ ಬಾಗಿಸಿದ್ರೆ ಪಟ್ ಅಂತ ಮುರೀತು. ಏನು ತಪ್ಪು?

ಬಹುಶಃ ಮರ ಗೂಡಿನಲ್ಲಿ ಬೇಯಿಸಿ ಒಣಗಿಸಿದ್ದು. ಬಾಗಿಸಲು ಗಾಳಿಯಲ್ಲಿ ಒಣಗಿದ, ಇನ್ನೂ ಶೇ. 15ರಿಂದ 25ರಷ್ಟು ತೇವ ಇರುವ ಆ್ಯಶ್, ಬೀಚ್, ಓಕ್ ಬೇಕು. ಬಿಸಿ ಹಬೆ ನಾರುಗಳ ನಡುವಿನ ಲಿಗ್ನಿನ್ ಎಂಬ ಅಂಟನ್ನು ಮೆತ್ತಗೆ ಮಾಡುತ್ತದೆ. ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆ ಹಬೆ ಎಂಬುದು ರೂಢಿಯ ಲೆಕ್ಕ. ಹೊರತೆಗೆದ ಮೇಲೆ ಅಚ್ಚಿಗೆ ಬಗ್ಗಿಸಲು ಸಿಗುವುದು ನಿಮಿಷದೊಳಗಿನ ಸಮಯ, ಜೊತೆಗೊಬ್ಬರು ಇರಲೇಬೇಕು.

ಮೆತ್ತಗಾದ ಮರ ಒತ್ತಿದರೆ ಕುಗ್ಗುತ್ತದೆ, ಎಳೆದರೆ ಹಿಗ್ಗುವುದಿಲ್ಲ, ಹರಿಯುತ್ತದೆ. ಅದಕ್ಕೇ ಹೊರಬದಿಗೆ ಉಕ್ಕಿನ ಪಟ್ಟಿ ಬಿಗಿದು ಬಾಗಿಸುತ್ತಾರೆ. ಥೋನೆಟ್ ಕಾರ್ಖಾನೆ ನಿಂತದ್ದೇ ಈ ಪಟ್ಟಿಯ ಮೇಲೆ. ಇಷ್ಟೆಲ್ಲ ಸೌಕರ್ಯ ಇಲ್ಲದಿದ್ದರೆ 2-3 ಮಿಲಿಮೀಟರಿನ ತೆಳು ಪದರಗಳನ್ನು ಅಚ್ಚಿನ ಮೇಲೆ ಅಂಟಿಸಿ ಬಾಗು ತೆಗೆಯಬಹುದು.

ಸೀಟು ಹೆಣೆಯೋದು ಕಷ್ಟಾನಾ?

ಕಷ್ಟವಲ್ಲ, ಉದ್ದ. ಡೇನಿಷ್ ಕುರ್ಚಿಗಳಿಗೆ ಬಳಸುವುದು ಹೊಸೆದ ಕಾಗದದ ಹುರಿ. ವಿಶ್‌ಬೋನ್ ಸೀಟಿಗೆ ಸುಮಾರು 120 ಮೀಟರ್ ಹಿಡಿಯುತ್ತದೆ, ನುರಿತವರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ನಿಮಗೆ ಒಂದು ವಾರಾಂತ್ಯ ಬೇಕಾಗಬಹುದು. ಪ್ರತಿ ಸುತ್ತನ್ನೂ ಎಳೆದು ಬಿಗಿ ಮಾಡಿ, ಸಡಿಲ ಬಿಟ್ಟದ್ದು ಆಮೇಲೆ ಜೋತು ಬೀಳುತ್ತದೆ.

ಕೊನೆಗೆ ಏನು ಬಳಿಯಲಿ?

ಎಣ್ಣೆ. ಲಿನ್‌ಸೀಡ್ (ಅಗಸೆ) ಅಥವಾ ಟಂಗ್ ಎಣ್ಣೆ ತೆಳ್ಳಗೆ ಹಚ್ಚಿ, ಉಳಿದದ್ದನ್ನು ಪೂರ್ತಿ ಒರೆಸಿ. ಗೀರು ಬಿದ್ದರೆ ಅಷ್ಟೇ ಜಾಗಕ್ಕೆ ಮತ್ತೆ ಹಚ್ಚಿದರಾಯಿತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರವಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಗೆ ಹಾಕಿ.

## ಕುರ್ಚಿ ಆದ ಮೇಲೆ

ಮಾಡಿದ್ದಾಯ್ತು, ಈಗ ಮನೆಗೆ ಹೇಗೆ ತರೋದು?

ಇದನ್ನು ಅಂಟು ಹಾಕುವ ಮುಂಚೆಯೇ ಕೇಳಿಕೊಳ್ಳಬೇಕು. ಚೌಕಟ್ಟಿನ ಕುರ್ಚಿಯ ಉದ್ದದ ಭಾಗ ಹಿಂಗಾಲು, 80-90 ಸೆಂಟಿಮೀಟರ್. ಅನೇಕ ವಿಮಾನ ಕಂಪನಿಗಳು ಬ್ಯಾಗಿನ ಉದ್ದ, ಅಗಲ, ಎತ್ತರ ಸೇರಿ 158 ಸೆಂಟಿಮೀಟರ್ ದಾಟಬಾರದು ಎನ್ನುತ್ತವೆ. ಬಿಡಿ ಭಾಗಗಳ ಕಟ್ಟು ಆ ಮಿತಿಯೊಳಗೆ ಬರುತ್ತದೆ, ಕಟ್ಟಿದ ಕುರ್ಚಿ ಬರುವುದಿಲ್ಲ. ಅಲ್ಲಿ ಅಂಟಿಲ್ಲದೆ ಜೋಡಿಸಿ ನೋಡಿ, ಪ್ರತಿ ಜಾಯಿಂಟಿಗೂ ಎರಡೂ ಕಡೆ ಒಂದೇ ಗುರುತು ಹಾಕಿ, ಬಿಚ್ಚಿ ತಂದು ಮನೆಯಲ್ಲಿ ಅಂಟಿಸಿ. ಮರ ಹೊಸ ಹವೆಗೆ ಒಗ್ಗಲು ಕೆಲವು ವಾರ ಬಿಟ್ಟು ಅಂಟಿಸಿದರೆ ಇನ್ನೂ ಒಳ್ಳೆಯದು.

ತೊಗಟೆ ಉಳಿದ ಹಸಿ ಮರ ತರಬೇಡಿ, ಕೀಟದ ಭಯಕ್ಕೆ ಕಸ್ಟಮ್ಸಿನವರು ತಡೆಯುತ್ತಾರೆ. ಮರದ ಪೆಟ್ಟಿಗೆಯಲ್ಲಿ ಹಡಗಿಗೆ ಹಾಕುವುದಾದರೆ ಪೆಟ್ಟಿಗೆಗೂ ನಿಯಮವಿದೆ. ಐಎಸ್‌ಪಿಎಂ 15 ಎಂಬ ಆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿರಬೇಕು, ಮುದ್ರೆ ಇರಬೇಕು. ಪ್ಲೈವುಡ್ ಪೆಟ್ಟಿಗೆಗೆ ಇದು ಬೇಡ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳು 2017ರಿಂದ ಸೈಟಿಸ್ ಎಂಬ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಅಂಥ ಮರವನ್ನು ಗಡಿ ದಾಟಿಸುವ ಕುರ್ಚಿಗೆ ಬಳಸದಿರುವುದೇ ಜಾಣತನ.

ಸಹಪಾಠಿಗಳು ದುಡ್ಡು ಕೊಟ್ಟು ಮಾಡಿಸ್ಕೋತೀವಿ ಅಂತಿದ್ದಾರೆ. ಮಾರಬಹುದಾ?

ವೀಸಾದ ಷರತ್ತು ಓದದೆ ಒಂದು ಸ್ಟೂಲನ್ನೂ ಮಾರಬೇಡಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅನುಮತಿ ಇಲ್ಲ. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದವರು ಅನುಮತಿ ಪಡೆಯದೆ ಕ್ಯಾಂಪಸ್ಸಿನ ಹೊರಗೆ ಸಂಪಾದನೆ ಮಾಡುವಂತಿಲ್ಲ. ಉಡುಗೊರೆ ಕೊಡಿ, ಪ್ರದರ್ಶನದಲ್ಲಿಡಿ. ವರ್ಕ್‌ಶಾಪಿನ ನಿಯಮದಲ್ಲೂ ಮಾರಾಟಕ್ಕೆ ಮಾಡಬಾರದು ಎಂದಿರುವುದು ಸಾಮಾನ್ಯ.

ತಂದು ಎರಡು ವರ್ಷ ಆಯ್ತು, ಒಂದು ಜಾಯಿಂಟ್ ಅಲುಗಾಡ್ತಿದೆ. ಸಂದಿಗೆ ಅಂಟು ಸುರಿದರೆ ಸಾಕಾ?

ಸಾಲದು. ಹಳೆಯ ಪಿವಿಎ ಮೇಲೆ ಹೊಸ ಪಿವಿಎ ಹಿಡಿಯುವುದಿಲ್ಲ. ಜಾಯಿಂಟ್ ಬಿಚ್ಚಿ, ಹಳೆ ಅಂಟನ್ನು ಮರ ಕಾಣುವವರೆಗೆ ಕೆರೆದು, ನಾಲಿಗೆ ಸಡಿಲವಾಗಿದ್ದರೆ ಅದಕ್ಕೆ ತೆಳು ಹೆರೆ ಅಂಟಿಸಿ ದಪ್ಪ ಮಾಡಿ ಮತ್ತೆ ಕೂರಿಸಬೇಕು. ಮರವಜ್ರವನ್ನು, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಹಳೆಯ ಕಾಲದ ಅಂಟನ್ನು ಬಳಸಿದ್ದರೆ ಈ ಕಷ್ಟ ಇಲ್ಲ. ಬಿಸಿ, ತೇವ ಕೊಟ್ಟರೆ ಅದು ಬಿಡುತ್ತದೆ, ಹಳೆಯದರ ಮೇಲೆಯೇ ಹೊಸದು ಹಿಡಿಯುತ್ತದೆ. ರಿಪೇರಿಯಾಗುತ್ತಾ ಬಹುಕಾಲ ಬಾಳಬೇಕಾದ ಕುರ್ಚಿಗೆ ಕೆಲವರು ಇಂದಿಗೂ ಅದನ್ನೇ ಬಳಸುವುದು ಇದಕ್ಕೇ.

ಇದೇ ಥರದ್ದು ಇನ್ನೂ ಮೂರು ಬೇಕು ಅಂತಿದ್ದಾರೆ ಮನೇಲಿ. ಮತ್ತೆ ಮೊದಲಿನಿಂದಲೇ ಶುರುನಾ?

ಮೊದಲ ಕುರ್ಚಿ ಮಾಡುವಾಗಲೇ ಅಚ್ಚುಗಳನ್ನು ಉಳಿಸಿಕೊಂಡಿದ್ದರೆ ಬೇಕಿಲ್ಲ. ಹಿಂಗಾಲಿನ ಬಾಗಿಗೆ 6 ಮಿಲಿಮೀಟರ್ ಪ್ಲೈವುಡ್ಡಿನ ಒಂದು ಅಚ್ಚು, ಸೀಟಿನ ಆಕಾರಕ್ಕೆ ಒಂದು. ಸೀಟಿನ ಅಚ್ಚಿನ ಮೇಲೆಯೇ ತೂತಿನ ಕೇಂದ್ರ, ಸೈಟ್‌ಲೈನ್, ಡ್ರಿಲ್ಲಿನ ಕೋನ ಬರೆದಿಡಿ. ಅಡ್ಡಪಟ್ಟಿಗಳ ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆಯುವ ಬದಲು ಒಂದು ಕಡ್ಡಿಯ ಮೇಲೆ ಗೀಟು ಹಾಕಿ ಇಟ್ಟುಕೊಳ್ಳಿ. ಟೇಪು ಓದುವಾಗ ಆಗುವ ತಪ್ಪು ಕಡ್ಡಿಯಲ್ಲಿ ಆಗುವುದಿಲ್ಲ. ಮೂರನ್ನೂ ಒಟ್ಟಿಗೆ ಮಾಡಿ: ಎಲ್ಲ ಕಾಲು ಒಂದು ದಿನ, ಎಲ್ಲ ಕಂಡಿ ಇನ್ನೊಂದು ದಿನ. ಪ್ರತಿ ಬಗೆಯಲ್ಲೂ ಒಂದು ತುಂಡು ಹೆಚ್ಚಿಗೆ ಕೊಯ್ದಿಟ್ಟುಕೊಳ್ಳಿ, ಡ್ರಿಲ್ಲಿನ ಕೋನವನ್ನು ಮೊದಲು ಅದರ ಮೇಲೆ ನೋಡಿಕೊಂಡು ಆಮೇಲೆ ಅಸಲಿ ತುಂಡಿಗೆ ಇಳಿಸಬಹುದು.